ಕತ್ತರಿಯ ಒಳಮೈ

ನನ್ನ ಭಾವನನ್ನು ಊರೆಲ್ಲ ‘ಮಾಸ್ಟರ್’ ಅನ್ನುತ್ತದೆ. ಊರಿಗೇನು, ಕಿಡಿ ಹಾರಿದರೆ ಸಾಕು. ನಮ್ಮದು ಸಾಣೆ ಅಂಗಡಿ. ಚಾಕು, ಕತ್ತರಿ, ಉಳಿ, ಮರದ ಮಿಲ್ಲಿನ ಬ್ಲೇಡು, ಮೊಂಡಾದದ್ದು ಏನೇ ಬಂದರೂ ಹರಿತ ಮಾಡಿ ಕೊಡುತ್ತೇವೆ. ಮೊಂಡು ಮನುಷ್ಯರನ್ನು ಹರಿತ ಮಾಡುವ ಚಕ್ರ ಇನ್ನೂ ಬಂದಿಲ್ಲ. ಬಂದಿದ್ದರೆ ಮೊದಲ ಗಿರಾಕಿಯನ್ನು ಹುಡುಕಲು ನಾನು ಅಂಗಡಿಯ ಹೊಸ್ತಿಲು ದಾಟಬೇಕಾಗಿರಲಿಲ್ಲ.

ಭಾವನ ವಿದ್ಯೆ ಇಷ್ಟೇ: ದೊಡ್ಡ ಚಕ್ರ ಹಾಕು, ಅಲಗನ್ನು ಅದಕ್ಕೆ ಮೈಭಾರವೆಲ್ಲ ಬಿಟ್ಟು ಒತ್ತು, ಕಿಡಿ ರಸ್ತೆಯವರೆಗೂ ಹಾರಲಿ. ಉಕ್ಕು ಕಾದು ಅಂಚು ನೀಲಿಗಟ್ಟುತ್ತದೆ. ನೀಲಿಗಟ್ಟಿತೆಂದರೆ ಹದ ಹೋಯಿತೆಂದೇ ಅರ್ಥ. ಮಾಸ್ಟರ್ ಆ ನೀಲಿಯನ್ನು ಬಟ್ಟೆಯ ಚಕ್ರಕ್ಕೆ ಹಿಡಿದು ಉಜ್ಜಿ ಕನ್ನಡಿ ಮಾಡಿ ಕೊಡುತ್ತಾರೆ. ಗಿರಾಕಿ ಅದರಲ್ಲಿ ತನ್ನ ಮುಖ ನೋಡಿಕೊಂಡು ಖುಷಿಯಾಗಿ ಹೋಗುತ್ತಾನೆ, ಹತ್ತೇ ದಿನಕ್ಕೆ ಅದೇ ಮುಖ ಹೊತ್ತು ವಾಪಸು ಬರುತ್ತಾನೆ.

“ನೋಡೋ ಡಿಗ್ರಿ, ಹೋದವರು ಮತ್ತೆ ಬರ್ತಾರೆ ಅಂದ್ರೆ ಏನರ್ಥ? ನಂಬಿಕೆ.” ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ ಮಾತಾಡುವುದು ಭಾವನ ವೈಖರಿ. ನಾನು ಅದನ್ನು ಅವರಿಗಿಂತ ಚೆನ್ನಾಗಿ ಆಡುತ್ತೇನೆ. ಒಮ್ಮೆ ಮಿಲ್ಲಿನವರು ಫೋನ್ ಮಾಡಿದಾಗ ಭಾವನ ದನಿಯಲ್ಲೇ “ನಂಬಿಕೆ” ಅಂದೆ. ಪಕ್ಕದಲ್ಲೇ ನಿಂತಿದ್ದ ಭಾವ ಹೌದೆಂದು ತಲೆಯಾಡಿಸಿದರು. ಭಾವ ಇದ್ದಲ್ಲಿ ಬುದ್ಧಿಗೆ ಅಭಾವ.

ಪದವಿ ಮುಗಿಸಿ ಬೇರೆಲ್ಲೂ ಸಲ್ಲದೆ ಇಲ್ಲಿ ಸಾಣೆ ಹಿಡಿಯುತ್ತಿರುವ ನನಗೆ ‘ಡಿಗ್ರಿ’ ಅಂತ ಹೆಸರಿಟ್ಟವರೂ ಅವರೇ. ಅವರ ಹಸಿರು ಏಪ್ರನ್ನಿನ ಎದೆಯ ಮೇಲೆ ಕೆಂಪು ದಾರದಲ್ಲಿ ‘ಮಾಸ್ಟರ್’ ಅಂತ ಕಸೂತಿ ಇದೆ. ಮದುವೆಯಾದ ಹೊಸತರಲ್ಲಿ, ಇನ್ನೂ ಏನೂ ತಿಳಿಯದ ಕಾಲದಲ್ಲಿ, ಅಕ್ಕ ಹಾಕಿಕೊಟ್ಟದ್ದು.

ಅಕ್ಕ ಹೊಲಿಗೆಯವಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಮೇಜು, ಮಷೀನು. ಅವಳ ದೊಡ್ಡ ಕತ್ತರಿ ಅವಳಿಗೆ ಹೊಲಿಗೆ ಕಲಿಸಿದ ಮುದುಕಿಯದು. ಅಂಥ ಉಕ್ಕು ಈಗ ಸಿಗುವುದಿಲ್ಲ. ಊರಿನ ಕತ್ತರಿಗಳೆಲ್ಲ ಮಾಸ್ಟರ್ ಕೈಗೆ ಬರುತ್ತವೆ, ಮಾಸ್ಟರ್ ಹೆಂಡತಿಯ ಕತ್ತರಿಯೊಂದನ್ನು ಬಿಟ್ಟು. ಅದು ಸೆರಗಿನ ಮರೆಯಲ್ಲಿ ನನ್ನ ಮೇಜಿಗೆ ಬಂದು, ನೀರುಕಲ್ಲಿನ ಮೇಲೆ ಮೆಲ್ಲಗೆ ಹರಿತವಾಗಿ, ಬಂದ ದಾರಿಯಲ್ಲೇ ಹೋಗುತ್ತದೆ.

ಆ ವಾರ ಅವಳಿಗೆ ಒಂದು ಸಭಾಂಗಣದ ಪರದೆಗಳ ಕೆಲಸ ಸಿಕ್ಕಿತ್ತು. ಕಡುಗೆಂಪು ಮಖಮಲ್ಲು, ತಾನುಗಟ್ಟಲೆ, ಅದೂ ಸಭಾಂಗಣದವರೇ ತಂದುಹಾಕಿದ್ದು. ಮಖಮಲ್ಲನ್ನು ಕತ್ತರಿ ಒಮ್ಮೆ ಜಗಿದರೆ ಮುಗಿಯಿತು, ಆ ಗೆರೆ ಮತ್ತೆ ನೇರವಾಗುವುದಿಲ್ಲ. ಬಟ್ಟೆಯೂ ದಂಡ, ಕೆಲಸವೂ ಎದುರು ಬೀದಿಯ ದರ್ಜಿಯ ಪಾಲು. “ಹುಷಾರಾಗಿ ಮಾಡೋ, ನಾಳೆ ಕತ್ತರಿಸಬೇಕು” ಅಂದು ಕೊಟ್ಟು ಹೋದಳು. ಅರ್ಧ ಮುಗಿಸಿ, ಹಳೆ ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ಮಿಲ್ಲಿಗೆ ಬ್ಲೇಡು ಕೊಡಲು ಹೋದೆ.

ಬರುವಷ್ಟರಲ್ಲಿ ಅಂಗಡಿ ತುಂಬ ಕಿಡಿ. ಕ್ಷೌರದಂಗಡಿಯವನು ಸ್ಟೂಲಿನ ಮೇಲೆ ಕೂತು ಬಾಯಿಬಿಟ್ಟು ನೋಡುತ್ತಿದ್ದ. ಭಾವ ಸ್ಪ್ಯಾನರ್ ಹುಡುಕುತ್ತ ನನ್ನ ಡ್ರಾಯರ್ ತೆಗೆದಿದ್ದಾರೆ.

“ಅಯ್ಯೋ, ಇದು ನಮ್ಮ ಮನೆಯವಳ ಕತ್ತರಿ. ಪಾಪ, ನನಗೆ ತೊಂದರೆ ಕೊಡಬಾರದು ಅಂತ ಇವನ ಹತ್ರ ಕೊಟ್ಟಿದಾಳೆ” ಅನ್ನುತ್ತಿದ್ದರು.

“ಮನೆಯವರ ಮೇಲೆ ಎಷ್ಟು ಕಾಳಜಿ ಮಾಸ್ಟ್ರೇ” ಅಂದ ಕ್ಷೌರದವನು.

ನಡುವಿನ ತಿರುಪು ಬಿಚ್ಚಿ, ಎರಡು ಅಲಗನ್ನೂ ಬೇರೆ ಮಾಡಿ, ಮಾಸ್ಟರ್ ಒಳಮೈಯನ್ನು ಚಕ್ರಕ್ಕೆ ಹಿಡಿದಿದ್ದರು. ಒಳಮೈ. ಸಾಣೆ ಹಿಡಿಯುವವನು ಏನು ಬೇಕಾದರೂ ಮಾಡಬಹುದು, ಇದನ್ನು ಮಾತ್ರ ಮಾಡಬಾರದು. ಕತ್ತರಿಯ ಅಲಗು ಒಳಗಡೆ ಚಮಚದ ಹಾಗೆ ತುಸು ತಗ್ಗು. ಎರಡೂ ಮೈಗೆ ಮೈ ತಾಗಿಸಿ ಕೂರುವಂತಿಲ್ಲ. ಒಂದೇ ಕಡೆ ಮುಟ್ಟುತ್ತ, ಆ ಮುಟ್ಟಿದ ಜಾಗ ಬುಡದಿಂದ ತುದಿಗೆ ಸಾಗುತ್ತ ಹೋಗಬೇಕು, ಮಾತು ಬಿಟ್ಟ ಗಂಡ ಹೆಂಡಿರು ಉಪ್ಪಿನ ಡಬ್ಬಿ ದಾಟಿಸಿಕೊಳ್ಳುವ ಹಾಗೆ. ಭಾವ ಆ ತಗ್ಗನ್ನು ಸಪಾಟು ಮಾಡಿದ್ದರು.

“ಭಾವ, ಅದು ಒಳಗಡೆ.”

“ಗೊತ್ತು ಕಣೋ. ಎಲ್ರೂ ಹೊರಗೆ ಮಾತ್ರ ಹಿಡಿತಾರೆ. ನಾನು ಎರಡೂ ಕಡೆ ಹಿಡಿತೀನಿ. ಅದಕ್ಕೇ ನಾನು ಮಾಸ್ಟರ್.”

ಉಜ್ಜಿ ಕನ್ನಡಿ ಮಾಡಿ, ತಿರುಪು ಬಿಗಿದು, ತಾವೇ ಒಳಗೆ ಹೋಗಿ ಕೊಟ್ಟು ಬಂದರು. ಬರುವಾಗ ಎದೆ ಎಷ್ಟು ಉಬ್ಬಿತ್ತೆಂದರೆ ಕಸೂತಿಯ ಅಕ್ಷರಗಳು ಒಂದಕ್ಕೊಂದು ದೂರ ಸರಿದಂತೆ ಕಂಡವು.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಮುಖದಲ್ಲಿ ಏನೂ ಇಲ್ಲ. ಕತ್ತರಿಯನ್ನು ನನ್ನ ಮೇಜಿನ ಮೇಲಿಟ್ಟಳು. ಅಲಗುಗಳ ನಡುವೆ ಮಖಮಲ್ಲಿನ ಒಂದು ಚೂರು ಮಡಚಿಕೊಂಡು, ಹಲ್ಲಿಲ್ಲದ ಬಾಯಿಯಿಂದ ಚಾಚಿದ ನಾಲಿಗೆಯ ಹಾಗೆ ಇಣುಕುತ್ತಿತ್ತು.

“ಚೂರು ಬಟ್ಟೆ ಮೇಲೆ ನೋಡಿದ್ದಕ್ಕೆ ಬಚಾವು” ಅಂದಳು. “ಇದು ಸರಿಹೋಗುತ್ತಾ?”

“ಬಟ್ಟೆದೇ ತಪ್ಪು ಅದು” ಅಂದರು ಭಾವ, ತಿರುಗಿ ನೋಡದೆ.

“ನಿಮ್ಮನ್ನ ಕೇಳಲಿಲ್ಲ ರೀ.”

“ಒಳಗೆ ಮತ್ತೆ ತಗ್ಗು ತೆಗೀಬೇಕು ಅಕ್ಕ. ಉಕ್ಕು ಹೋಗುತ್ತೆ. ಸಪೂರ ಆಗುತ್ತೆ” ಅಂದೆ.

“ಆಗ್ಲಿ. ನಾನೂ ಆಗ್ಬೇಕು ಅಂತಿದೀನಿ, ಆಗ್ತಿಲ್ಲ. ಅದಾದ್ರೂ ಆಗ್ಲಿ.”

ಸ್ಟೂಲು ಎಳೆದುಕೊಂಡು ಕೂತಳು. ನಾನು ಇದ್ದುದರಲ್ಲೇ ಚಿಕ್ಕ ಚಕ್ರ ಹಾಕಿದೆ. ಅದರ ದುಂಡು ಅಂಚಿಗೆ ಒಳಮೈಯನ್ನು ಬುಡದಿಂದ ತುದಿಗೆ ಒಮ್ಮೆ ಎಳೆಯುವುದು, ನೀರಿನಲ್ಲಿ ಅದ್ದುವುದು, ಬೆರಳಿಟ್ಟು ನೋಡುವುದು, ಮತ್ತೆ ಎಳೆಯುವುದು. ಕಿಡಿ ಇಲ್ಲ, ಪ್ರೇಕ್ಷಕರಿಲ್ಲ. ಬೇಸರವಾಗಿ ಎದ್ದುಹೋದ ಕ್ಷೌರದವನು ಸಂಜೆ ತನ್ನ ಕತ್ತರಿಗಳನ್ನು ಒಯ್ಯಲು ಮತ್ತೆ ಬಂದಾಗ ನಾನು ತಿರುಪು ಬಿಗಿಯುತ್ತಿದ್ದೆ. ಅಲಗುಗಳು ತೆಳ್ಳಗಾಗಿದ್ದವು, ತುದಿ ಒಂದಿಷ್ಟು ಹೋಗಿತ್ತು. ಮುದುಕಿಯ ಕತ್ತರಿ ಕೊನೆಗಾಲದ ಮುದುಕಿಯ ಹಾಗೇ ಕಾಣುತ್ತಿತ್ತು.

ಅಕ್ಕ ಮಖಮಲ್ಲಿನ ಚೂರನ್ನು ನೀರಲ್ಲಿ ಅದ್ದಿ ಹಿಂಡಿದಳು. ಒದ್ದೆ ಬಟ್ಟೆಯನ್ನು ಅಲಗಿನ ತುದಿಯಲ್ಲಿ ಕತ್ತರಿಸಿದರೆ ಮಾತ್ರ ಅವಳು ಒಪ್ಪುವುದು. ಕತ್ತರಿಸಿತು, ಸದ್ದೇ ಇಲ್ಲದೆ. ಅವಳು ಉಸಿರು ಬಿಟ್ಟಳು. ನಾನೂ ಬಿಟ್ಟೆ.

“ನೋಡಿದ್ರಾ” ಅಂದರು ಭಾವ ಕ್ಷೌರದವನಿಗೆ. “ಬೆಳಿಗ್ಗೆ ನಾನು ಹಾಕಿದ ಹದ ಈಗ ಕೂತಿದೆ. ಒಳ್ಳೆ ಉಕ್ಕಿಗೆ ಸ್ವಲ್ಪ ವಿಶ್ರಾಂತಿ ಬೇಕಾಗುತ್ತೆ.”

ಕ್ಷೌರದವನು ತಲೆದೂಗಿದ. ಊರೇ ಹಾಗೆ.

ಅಕ್ಕ ಎದ್ದಳು. “ರೀ, ಇಲ್ಲಿ ಬನ್ನಿ. ಏಪ್ರನ್ನಿನಲ್ಲಿ ದಾರ ಬಿಟ್ಟಿದೆ.”

ಭಾವ ಬಂದು ಎದೆ ಮುಂದೆ ಮಾಡಿ ನಿಂತರು. ಅವಳು ಕಸೂತಿಯ ಜಾಗದ ಬಟ್ಟೆಯನ್ನು ಎರಡು ಬೆರಳಲ್ಲಿ ಎಳೆದು ಹಿಡಿದು, ಸುತ್ತಲೂ ಕತ್ತರಿ ಆಡಿಸಿದಳು. ದಪ್ಪ ಬಟ್ಟೆ ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. ‘ಮಾಸ್ಟರ್’ ಅವಳ ಅಂಗೈಗೆ ಬಂತು. ಅದನ್ನು ನನ್ನ ಮೇಜಿನ ಮೇಲೆ ಒರೆಸುವ ಬಟ್ಟೆಗಳ ಜೊತೆ ಹಾಕಿದಳು.

“ಈಗ ಸರಿಯಾಗಿದೆ” ಅಂದು ಮಖಮಲ್ಲು ಕತ್ತರಿಸಲು ಒಳಗೆ ಹೋದಳು.

ಭಾವ ತಮ್ಮ ಎದೆಯ ಚೌಕ ತೂತನ್ನು ಒಮ್ಮೆ ನೋಡಿಕೊಂಡರು. ಅದರ ಅಂಚಿನ ಮೇಲೆ ಬೆರಳಾಡಿಸಿದರು. ನಂತರ ಕ್ಷೌರದವನ ಕಡೆ ತಿರುಗಿ, ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ ಹೇಳಿದರು:

“ಅಂಚು ನೋಡಿ. ಒಂದು ಎಳೆ ಎದ್ದಿದೆಯಾ?”