ಕೈ ಕಾಣುವಷ್ಟು ಜಾಗ

ಪರದೆಯ ಮೇಲೆ ಉಮಾದೇವಿಯ ಮುಖವಿತ್ತು, ಕೈಗಳಿರಲಿಲ್ಲ. ಅಂಗವಿಕಲರ ಪಿಂಚಣಿ ಶಿಬಿರಕ್ಕೆ ಏನೇನು ತರಬೇಕೆಂದು ಅವಳು ಸನ್ನೆ ಭಾಷೆಯಲ್ಲಿ ಹೇಳಿದ್ದೆಲ್ಲ ನಾಲ್ವರು ಮುಖಂಡರ ನಗುವ ಫೋಟೋಗಳ ಹಿಂದೆ ಮುಚ್ಚಿಹೋಗಿತ್ತು. ಮೂಲೆಯ ಪುಟ್ಟ ಚೌಕದಲ್ಲಿ ಅವಳ ಹುಬ್ಬು ಮಾತ್ರ ಏರಿ ಇಳಿಯುತ್ತಿತ್ತು.

"ಮಾರಿ ಚಂದ ಬಂದದಲ್ಲಕ್ಕಾ," ಎಂದ ಮತೀನ್. ರಾಯಚೂರಿನ ಸ್ಟೇಷನ್ ರಸ್ತೆಯ ಆ ಸ್ಟುಡಿಯೋದಲ್ಲಿ ಎಡಿಟಿಂಗ್ ಅವನದೇ. ಹುಟ್ಟುಹಬ್ಬವಿರಲಿ, ಬೋರ್‌ವೆಲ್ ಪೂಜೆಯಿರಲಿ, ಕೆಳಗೆ ಫೋಟೋ ಸಾಲು ಹಚ್ಚದೆ ಅವನು ಯಾವ ವಿಡಿಯೋವನ್ನೂ ಹೊರಗೆ ಬಿಟ್ಟವನಲ್ಲ.

ಹೋದ ವರ್ಷದ ಶಿಬಿರದ ವಿಡಿಯೋವೂ ಹೀಗೇ ಹೊರಬಿದ್ದಿತ್ತು. ದೇವದುರ್ಗದ ಗದ್ದೆಪ್ಪನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಓದೂ ಬಾರದು. ಸನ್ನೆಯನ್ನು ಉಮಾದೇವಿಯಿಂದ ಕಲಿತವನು. ಆ ವಿಡಿಯೋ ನೋಡಿಕೊಂಡು ಮಾನ್ವಿಯ ಶಿಬಿರಕ್ಕೆ ಬರಿಗೈಯಲ್ಲಿ ಹೋಗಿ, ದಾಖಲೆಯಿಲ್ಲದೆ ವಾಪಸಾಗಿದ್ದ. ಶಿಬಿರ ವರ್ಷಕ್ಕೊಂದೇ.

ಫೋಟೋ ಸರಿಸು ಎಂದಳು ಉಮಾದೇವಿ. ಮತೀನ್ ಗಂಟಲು ಕೆರೆದು ಹಿರಿಯ ಮುಖಂಡರ ದನಿ ತೆಗೆದ: "ನನ್ ಮಾರಿ ಎಲ್ಲಿ ಒಯ್ದಿಲೇ?" ಪಿಂಚಣಿ ಕಚೇರಿಯಿಂದ ಬಂದಿದ್ದ ಗುಮಾಸ್ತ ಹನುಮೇಶ ಹೊಟ್ಟೆ ಹಿಡಿದು ನಕ್ಕ. ಉಮಾದೇವಿಯೂ ನಕ್ಕಳು; ಮಿಮಿಕ್ರಿ ಅಷ್ಟು ಪಕ್ಕಾ ಇತ್ತು. ಆಮೇಲೆ ತನ್ನ ಕರವಸ್ತ್ರ ಚಾಚಿದಳು.

"ಬಾಯಿ ಮುಚ್ಚಿಗೊಂಡು ಮತ್ತೊಮ್ಮಿ ಮಾಡು, ತಮ್ಮಾ."

ತಮಾಷೆಗೆಂದೇ ಅವನು ಅದನ್ನು ಬಾಯಿಗೆ ಒತ್ತಿಹಿಡಿದು ಮಾಡಿದ. ಗೊರಗೊರ ಸದ್ದಷ್ಟೇ ಬಂತು. ಏನಂದೆ ಎಂದು ಹನುಮೇಶ ಕೇಳಿದ.

"ಗದ್ದೆಪ್ಪ ನೋಡಿದ್ದು ಇದನ್ನ," ಎಂದಳು ಉಮಾದೇವಿ. "ಸರಿ ಆಗೋತನ ನಾ ಈ ಕುರ್ಚಿ ಬಿಡಂಗಿಲ್ಲ."

ಫೋಟೋ ತೆಗೆದರೆ ಸಾಹೇಬರು ಬೈಯುತ್ತಾರೆಂದು ಹನುಮೇಶ ಗೊಣಗಿದ. ತೆಗೆಯಬೇಡಿ, ನಾಲ್ವರನ್ನೂ ಕೊನೆಗೆ ಪರದೆ ತುಂಬ ಆರಾಮವಾಗಿ ಕೂರಿಸಿ, ಇಲ್ಲಿ ನಿಂತು ನಿಂತು ಅವರಿಗೂ ಕಾಲು ಸೋತಿವೆ ಎಂದಳು. ಎದೆಮಟ್ಟದ ಆ ಫೋಟೋಗಳಲ್ಲಿ ಕಾಲೇ ಇಲ್ಲವೆಂದು ಹನುಮೇಶನಿಗೆ ಹೊಳೆಯುವುದರೊಳಗೆ ಮತೀನ್ ಅವರನ್ನು ಸಾಗಿಸಿಯಾಗಿತ್ತು. ಉಮಾದೇವಿಯ ಚೌಕ ಅರ್ಧ ಪರದೆಯಾಯಿತು. ಅವಳು ಸದ್ದು ಆರಿಸಿ ಮೂರು ಸಲ ನೋಡಿದಳು. ಚೌಕದ ಅಂಚು ಬೆರಳ ತುದಿ ಕತ್ತರಿಸಿದ ಎರಡು ಕಡೆ ಮತ್ತೆ ಸರಿಮಾಡಿಸಿದಳು.

ಅಲ್ಲಿಂದಲೇ ಗದ್ದೆಪ್ಪನಿಗೆ ಕಳಿಸಿ, ಅವನು ನೋಡುವಷ್ಟು ಹೊತ್ತು ಬಿಟ್ಟು ವಿಡಿಯೋ ಕಾಲ್ ಹಚ್ಚಿದಳು. ಗದ್ದೆಪ್ಪ ಅವಳ ಮುಖ ಕಂಡದ್ದೇ ಸರ್ರನೆ ಒಳಗೆ ಹೋದ. ಪರದೆಯಲ್ಲಿ ಬರೀ ಗೋಡೆ ಉಳಿಯಿತು. ಸಿಟ್ಟಾದನೇನೋ ಎಂದ ಹನುಮೇಶ.

ಗದ್ದೆಪ್ಪ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ, ಎರಡು ಫೋಟೋ, ಒಂದೊಂದಾಗಿ ಕ್ಯಾಮೆರಾಕ್ಕೆ ಒಡ್ಡಿದ. ಕೊನೆಯ ಡಾಕ್ಟರ ಸರ್ಟಿಫಿಕೇಟು ತಲೆಕೆಳಗಾಗಿತ್ತು.

ಮತೀನ್ ಬಾಯಿ ತೆರೆದವನು ಮುಚ್ಚಿಕೊಂಡ. ಫೋನಿನ ಮುಂದೆ ಬಾಗಿ, ಒಂದು ಬೆರಳನ್ನು ಗಾಳಿಯಲ್ಲಿ ನಿಧಾನವಾಗಿ ತಿರುಗಿಸಿದ.