ಓಕ್ ಮರದ ಹಿಂದಿನ ಸವಾರ

"ಓರೆ ಮಾಡ್ರೋ, ಓರೆ! ಚೌಕಟ್ಟು ಬಾಗಿಲಿಗೆ ತಾಗ್ತಾ ಇದೆ!"

ಕರ್ನಲ್ ಟಾಲಿವರ್ ಅಂಗಳದಲ್ಲಿ ನಿಂತು ಕೂಗುತ್ತಿದ್ದರು. ಅವರ ಆಳುಗಳಿಬ್ಬರು ಕೊರಾಲೀ ಎಂಬ ಹೆಣ್ಣುಕುದುರೆಯ ಚಿತ್ರವನ್ನು ಒಳಗೆ ತರಲು ಹೆಣಗುತ್ತಿದ್ದರು. ಬಾಗಿಲು ಕಿರಿದು, ಕುದುರೆ ಹಿರಿದು. ಒಳಗೆ ಆ ಕುದುರೆಯನ್ನು ಬರೆದ ಲೈಸಾಂಡರ್ ಪ್ರೂಯಿಟ್ ಶವದ ಪೆಟ್ಟಿಗೆಯಲ್ಲಿ ಮಲಗಿದ್ದ. ಅವನು ಬರೆದದ್ದರಲ್ಲೆಲ್ಲ ಒಳ್ಳೆಯ ಚಿತ್ರ ಇವತ್ತು ಅವನ ಪಕ್ಕದಲ್ಲಿರಲಿ ಎಂದು ಕರ್ನಲ್ಲರಿಗೆ ತೋಚಿತ್ತು. ತೋಚಿದ್ದನ್ನು ಮಾಡಿಯೇ ತೀರುವ ಮನುಷ್ಯ ಅವರು.

ಪ್ರೂಯಿಟ್‌ನ ಮಗಳು ಡ್ರೂಸಿಲಾ ಗೋಡೆಗೆ ಒರಗಿ ನೋಡುತ್ತಿದ್ದಳು. ಚಿತ್ರದಲ್ಲಿ ಕೆಂಪು ಕುದುರೆ, ಆಚೆ ಹಸಿರು ಹುಲ್ಲುಗಾವಲು, ಈಚೆ ಒಂದು ಓಕ್ ಮರ. ಕುದುರೆಯ ಲಗಾಮು ಮರದ ಕೊಂಬೆಗೆ ಕಟ್ಟಿತ್ತು. ಆ ಮರದಿಂದ ಅವಳು ಕಣ್ಣು ಹೊರಳಿಸಿದಳು.

"ಎಂಥ ಕೈ ಕಣಮ್ಮ ನಿಮ್ಮಪ್ಪಂದು!" ಎಂದಳು ಪಕ್ಕದ ಮನೆಯ ಮಿಸೆಸ್ ಗ್ರಿಗ್ಸ್‌ಬಿ, ಬೀಸಣಿಗೆ ಬೀಸಿಕೊಳ್ಳುತ್ತ. "ನನಗೆ ಇರೋದು ಎರಡು ಗದ್ದ. ಒಂದೇ ಬರೆದ, ಪುಣ್ಯಾತ್ಮ. ನಮ್ಮ ಯಜಮಾನರು ಇವತ್ತಿಗೂ ಚಿತ್ರದೋಳ ಹತ್ರಾನೇ ಮಾತಾಡ್ತಾರೆ, ನನ್ನ ಹತ್ರ ಇಲ್ಲ."

"ಒಬ್ಬರಿಗೂ ಇಲ್ಲ ಅಂದೋನಲ್ಲ," ಎಂದರು ಕರ್ನಲ್. "ನಾಲ್ವತ್ತು ವರ್ಷದಲ್ಲಿ ಒಂದು ಸಲ ಅಂದಿದ್ರೆ ಹೇಳಿ."

"ಬೆಣ್ಣೆಯಂಥ ಮನುಷ್ಯ," ಎಂದು ಎಲ್ಲರೂ ತಲೆದೂಗಿದರು.

"ಕೊನೇ ಸಲ ಚಿತ್ರಾನ ಚೆನ್ನಾಗಿ ನೋಡ್ಕೋ ಡ್ರೂ," ಎಂದರು ಕರ್ನಲ್. "ನಾಳೆ ಪೆಟ್ಟಿಗೇಲಿ ಹಾಕಿ ಮೊಳೆ ಹೊಡೆಸ್ತೀನಿ. ಸಿನ್ಸಿನಾಟೀಲಿ ನನ್ನ ಮಗಳ ಹೊಸ ಮನೆಗೆ ಹೋಗತ್ತೆ."

ಡ್ರೂಸಿಲಾ ಅಡುಗೆಮನೆಗೆ ಹೋದಳು. ಅಲ್ಲಿ ಡಾರ್ಕಸ್ ಅತ್ತೆ ತಟ್ಟೆ ತೊಳೆಯುತ್ತಿದ್ದಳು. ಊರಿನ ಬಿಳಿಯರೆಲ್ಲ ಆ ಕರಿಯ ಮುದುಕಿಯನ್ನು ಕರೆಯುತ್ತಿದ್ದದ್ದೇ ಹಾಗೆ. ಈ ಮನೆಯ ಬಟ್ಟೆಯನ್ನು ಅವಳು ವರ್ಷಗಟ್ಟಲೆ ಒಗೆದಿದ್ದಳು, ಕೂಲಿಯಿಲ್ಲದೆ.

"ಸಿನ್ಸಿನಾಟಿಗಂತೆ," ಎಂದಳು ಡಾರ್ಕಸ್, ತಿರುಗದೆಯೇ. "ಕೇಳಿಸ್ತು."

"ಹೂಂ, ಅತ್ತೆ."

"ಹಾಗಾದ್ರೆ ನನ್ನ ಟೋಬಿ?"

* * *

ಗುಲಾಮರನ್ನು ಬಿಡಿಸಿದ ಯುದ್ಧ ಮುಗಿದ ಮರುವರ್ಷ ಕೊರಾಲೀ ಊರಿನ ದೊಡ್ಡ ರೇಸು ಗೆದ್ದಳು. ಸವಾರಿ ಮಾಡಿದವನು ಡಾರ್ಕಸಳ ಮಗ ಟೋಬಿಯಾಸ್. ಪ್ರೂಯಿಟ್ ಕುದುರೆಯ ಜೊತೆಗೆ ಅವನನ್ನೂ ಬರೆದ. ರೇಷ್ಮೆ ಅಂಗಿ ತೊಟ್ಟು ಲಗಾಮು ಹಿಡಿದು ನಿಂತ ಟೋಬಿ, ಈ ಕುದುರೆ ನನ್ನದೇ ಎಂಬಂತೆ ನಗುತ್ತಿದ್ದ. ಬಣ್ಣ ಅರೆಯುತ್ತಿದ್ದ ಪುಟ್ಟ ಡ್ರೂಸಿಲಾ ಅವನ ಹಲ್ಲಿನ ಬಿಳುಪನ್ನು ತಾನೇ ಕಲಸಿಕೊಟ್ಟಿದ್ದಳು.

ಚಿತ್ರ ಮುಗಿದ ಮಾರನೆಯ ದಿನ ಕರ್ನಲ್ ಉರಿಯುತ್ತ ಬಂದರು.

"ಆ ಕೃತಘ್ನ ಬೇರೆ ಲಾಯಕ್ಕೆ ಹೋದ, ಗೊತ್ತಾ? ಸಂಬಳ ಜಾಸ್ತಿ ಕೊಡ್ತಾರಂತೆ! ನನ್ನ ಗೋಡೆ ಮೇಲೆ ಅವನ ಹಲ್ಲು ನೋಡ್ಕೊಂಡು ಊಟ ಮಾಡ್ಲಾ ನಾನು? ಅಳಿಸಾಕು!"

"ಅದಕ್ಕೇನಂತೆ, ಕರ್ನಲ್," ಎಂದ ಪ್ರೂಯಿಟ್.

ಸಂಜೆಯೊಳಗೆ ಟೋಬಿ ಇದ್ದ ಜಾಗದಲ್ಲಿ ಓಕ್ ಮರ ಎದ್ದಿತ್ತು. ಲಗಾಮು ಗಾಳಿಯಲ್ಲಿ ನೇತಾಡುವಂತಿಲ್ಲವಲ್ಲ, ಅದನ್ನು ಕೊಂಬೆಗೆ ಕಟ್ಟಿದ. ಅಂದು ಅಪ್ಪ ಊಟ ಮಾಡಲಿಲ್ಲ ಎಂಬುದು ಡ್ರೂಸಿಲಾಗೆ ನೆನಪಿದೆ.

ಎಲೆ ಉದುರುವ ಕಾಲದಲ್ಲಿ ಟೋಬಿ ಹೊಸ ಯಜಮಾನನ ಕುದುರೆಯ ಮೇಲಿಂದ ಬಿದ್ದ. ಹಿಂದಿನ ಕುದುರೆಗಳು ಅವನ ಮೇಲೆಯೇ ಹಾದುಹೋದವು. ಹೆಣದ ಪೆಟ್ಟಿಗೆಯ ಮುಚ್ಚಳ ತೆರೆದು ಮುಖ ತೋರಿಸುವಂತಿರಲಿಲ್ಲ. ಮಣ್ಣು ಮಾಡಿದ ಮೇಲೆ ಡಾರ್ಕಸ್ ನೇರ ಇಲ್ಲಿಗೆ ಬಂದಳು.

"ಆ ಮರದ ಒಳಗೆ ಅವನಿದ್ದಾನಾ, ಸ್ವಾಮಿ?"

"ಇದ್ದಾನೆ, ಡಾರ್ಕಸ್. ಹಾಗೇ ಇದ್ದಾನೆ."

"ತೆಗೀಬೋದಾ?"

ಪ್ರೂಯಿಟ್ ಕುಂಚ ಒರೆಸಿದ. "ತೆಗೀಬೋದು. ಕರ್ನಲ್ ಸಿಟ್ಟು ಇಳೀಲಿ. ಒಂದಿನ ತೆಗೆದುಕೊಡ್ತೀನಿ."

ಆಮೇಲೆ ಪ್ರತಿ ವರ್ಷ ಅವಳು ಕೇಳುವುದು, ಅವನು ಆಗಲಿ ಎನ್ನುವುದು. ಆ ಮಾತಿನ ಋಣಕ್ಕೇ ಅವಳು ಈ ಮನೆಯ ಬಟ್ಟೆ ಒಗೆದದ್ದು. ಬೇರೆ ಯಾವ ಚಿತ್ರದಲ್ಲೂ ಆ ಹುಡುಗನ ಮುಖ ಇರಲಿಲ್ಲ.

* * *

"ಮರೀತಾ ಇದೀನಿ, ಡ್ರೂ ಅಮ್ಮ," ಎಂದಳು ಡಾರ್ಕಸ್, ಒದ್ದೆ ಕೈಯನ್ನು ಮಡಿಲಿಗೆ ಒತ್ತಿಕೊಂಡು. "ಹುಬ್ಬು ನೆನಪಿದ್ರೆ ಬಾಯಿ ಇರಲ್ಲ. ಬಾಯಿ ಬಂದ್ರೆ ಕಣ್ಣು ಹೋಗತ್ತೆ. ಹೆತ್ತೋಳು ಕಣಮ್ಮ ನಾನು! ಒಂದು ಸಲ ನೋಡಿಬಿಟ್ರೆ ಸಾಕು. ಆಮೇಲೆ ಬೇಕಾದ್ರೆ ಕಾಡನ್ನೇ ಬರೀರಿ ಅವನ ಮೇಲೆ."

"ಅದು ಕರ್ನಲ್ಲರ ಚಿತ್ರ, ಅತ್ತೆ. ಮುಟ್ಟಿದ್ರೆ ನನ್ನನ್ನ ಊರಲ್ಲಿ ಇರಕ್ಕೆ ಬಿಡಲ್ಲ."

"ಗೊತ್ತು."

ಅಷ್ಟೇ ಹೇಳಿದಳು ಮುದುಕಿ. ಇನ್ನೂ ಬೇಡಿಕೊಂಡಿದ್ದರೆ ಡ್ರೂಸಿಲಾ ಬಹುಶಃ ಒಲ್ಲೆ ಎನ್ನುತ್ತಿದ್ದಳು.

ಪಾದ್ರಿ ಎಲ್ಲರನ್ನೂ ಊಟಕ್ಕೆ ಅಂಗಳಕ್ಕೆ ಕರೆದರು. ಹಂದಿತೊಡೆ, ಮೆಕ್ಕೆಜೋಳದ ರೊಟ್ಟಿ, ಬೂರ್ಬನ್ ವಿಸ್ಕಿ. ಸಾವಿನ ಮನೆಯಾದರೂ ಹಸಿವು ಹಸಿವೇ. ಕೋಣೆ ಖಾಲಿಯಾದ ಕೂಡಲೇ ಡ್ರೂಸಿಲಾ ಬಣ್ಣ ಕರಗಿಸುವ ಸ್ಪಿರಿಟ್ಟಿನ ಬಾಟಲಿ ತಂದಳು, ಹಳೆಯ ದುಪ್ಪಟಿಯ ತುಂಡು ಹರಿದಳು.

ಅಪ್ಪ ಅವಳಿಗೆ ಬಣ್ಣ ಅರೆಯುವುದನ್ನು ಕಲಿಸಿದ್ದ, ತೆಗೆಯುವುದನ್ನಲ್ಲ. ಮೊದಮೊದಲು ಏನೂ ಆಗಲಿಲ್ಲ. ಅವಳು ಒತ್ತಿ ಉಜ್ಜಿದಳು. ಎಲೆಗಳ ಹಸಿರು ಬಟ್ಟೆಗೆ ಬಂತು, ಆಮೇಲೆ ಕಾಂಡದ ಕಂದು. ಅದರೊಳಗಿಂದ ಒಂದು ಹಣೆ ಎದ್ದಿತು.

"ಅಯ್ಯೋ ನನ್ನಪ್ಪಾ," ಎಂದಳು ಹಿಂದೆಯೇ ಬಂದು ನಿಂತಿದ್ದ ಡಾರ್ಕಸ್.

ಒಂದು ಕಣ್ಣು ಬಂತು. ತುಟಿಯ ಅಂಚು, ಆ ಬಿಳಿ ಹಲ್ಲು. ಟೋಬಿಯೇ! ಡ್ರೂಸಿಲಾಳ ಎದೆ ಹಿಗ್ಗಿತು. ಇನ್ನೊಂದು ಕಣ್ಣಿಗಾಗಿ ಮತ್ತೊಮ್ಮೆ ಬಟ್ಟೆ ಎಳೆದಳು.

ಹುಬ್ಬು ಜಾರಿತು.

ಅವಳು ಕೈ ತೆಗೆದಳು. ಜಾರುವುದು ನಿಲ್ಲಲಿಲ್ಲ. ಹಣೆ ಕೆನ್ನೆಗೆ ಇಳಿಯಿತು, ಕೆನ್ನೆ ಮರಕ್ಕೆ ಬೆರೆಯಿತು. ತಡೆಯಲು ಬಟ್ಟೆಯನ್ನು ಒತ್ತಿ ಹಿಡಿದಳು. ತೆಗೆದಾಗ ಅಲ್ಲಿ ಬರಿಯ ಕ್ಯಾನ್ವಾಸಿನ ನೂಲು ಕಾಣುತ್ತಿತ್ತು.

ಆಗ ಅವಳಿಗೆ ಹೊಳೆಯಿತು. ಟೋಬಿಯ ಬಣ್ಣ ಆರುವ ಮೊದಲೇ ಅಪ್ಪ ಅದರ ಮೇಲೆ ಮರ ಬರೆದಿದ್ದ. ಹಸಿಯ ಮೇಲೆ ಹಸಿ ಹಚ್ಚಿದರೆ ಎರಡೂ ಒಂದಾಗಿಯೇ ಒಣಗುತ್ತವೆ, ಒಂದಾಗಿಯೇ ಹೋಗುತ್ತವೆ. ಕುಂಚ ಹಿಡಿಯಲು ಕಲಿತವನಿಗೆಲ್ಲ ಗೊತ್ತಿರುವ ಸಂಗತಿ ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಡಾರ್ಕಸ್ ಕೇಳಿದ ಮೊದಲ ದಿನವೇ ಗೊತ್ತಿತ್ತು. ಅವಳು ಒಗೆದ ಅಂಗಿ ತೊಟ್ಟುಕೊಂಡು ವರ್ಷವರ್ಷವೂ ಆಗಲಿ ಎಂದಿದ್ದ. ಪೆಟ್ಟಿಗೆಯಲ್ಲಿದ್ದ ಆ ಸಾಧು ಮುಖವನ್ನು ನೋಡಿ ಡ್ರೂಸಿಲಾಗೆ ಮೊದಲ ಬಾರಿಗೆ ಅಸಹ್ಯವಾಯಿತು, ಅದರ ಬೆನ್ನಿಗೇ ಅಳು ಬಂತು.

"ಅತ್ತೆ, ನಾನು... ಅಪ್ಪ ನಿಮಗೆ..."

"ಬೇಡ," ಎಂದಳು ಡಾರ್ಕಸ್. "ಹೇಳ್ಬೇಡ. ಆ ಬಟ್ಟೆ ಕೊಡು ಇಲ್ಲಿ."

ಬಾಗಿಲಲ್ಲಿ ಕರ್ನಲ್ ನಿಂತಿದ್ದರು, ಕೈಯಲ್ಲಿ ಅರ್ಧ ಕುಡಿದ ಲೋಟ. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಯಾರು ಮಾಡಿದ್ದು ಇದನ್ನ?"

"ನಾನು," ಎಂದಳು ಡ್ರೂಸಿಲಾ.

"ನಿಮ್ಮಪ್ಪನ ಹೆಣದ ಮುಂದೆ! ತಲೆ ಕೆಟ್ಟಿದೆಯಾ ನಿಂಗೆ? ನನ್ನ ಕುದುರೇನ..."

"ಕುದುರೆಗೆ ಏನೂ ಆಗಿಲ್ಲ, ಕರ್ನಲ್."

ನಿಜಕ್ಕೂ ಕುದುರೆಗೆ ಏನೂ ಆಗಿರಲಿಲ್ಲ. ಅವರು ಬಾಯಿ ತೆರೆದರು. ಅಷ್ಟರಲ್ಲಿ ಪೆಟ್ಟಿಗೆ ಎತ್ತುವವರು ಒಳಗೆ ಬಂದರು. ಇವತ್ತು ಬೈಯದಿದ್ದರೆ ನಾಳೆ ಬೈಯುತ್ತಾರೆ, ನಾಳೆಯಿಂದ ಈ ಊರಿನಲ್ಲಿ ತನಗೆ ಒಂದು ಬಾಗಿಲೂ ತೆರೆಯುವುದಿಲ್ಲ ಎಂದು ಡ್ರೂಸಿಲಾಗೆ ತಿಳಿದಿತ್ತು. ಅವಳು ಸ್ಪಿರಿಟ್ ನಾತದ ಕೈಯಲ್ಲೇ ಟೋಪಿ ಕಟ್ಟಿಕೊಂಡು ಅಪ್ಪನ ಹಿಂದೆ ನಡೆದಳು.

ಸ್ಮಶಾನದ ದಾರಿಯಲ್ಲಿ ಧೂಳು, ಬಿಸಿಲು. ಕರಿಯರು ಬಿಳಿಯರ ಮೆರವಣಿಗೆಯ ತೀರ ಕೊನೆಯಲ್ಲಿ ಬರುವುದು ವಾಡಿಕೆ. ಡ್ರೂಸಿಲಾ ಒಮ್ಮೆ ತಿರುಗಿ ನೋಡಿದಳು. ಎಲ್ಲರಿಗಿಂತ ಹಿಂದೆ ಡಾರ್ಕಸ್ ಒಬ್ಬಳೇ, ಹಸಿರು ಕಂದು ಮೆತ್ತಿದ ಆ ಬಟ್ಟೆಯ ತುಂಡನ್ನು ಎರಡೂ ಅಂಗೈಗಳ ಮೇಲೆ ಅಗಲಕ್ಕೆ ಹರಡಿಕೊಂಡು, ಮಡಚಿದರೆ ಎಲ್ಲಿ ಅಂಟಿಕೊಂಡೀತೋ ಎಂದು ಬಿಸಿಲಿಗೆ ಹಿಡಿದು ನಡೆಯುತ್ತಿದ್ದಳು.