ಏಳನೇ ಪ್ರಶ್ನೆಯ ಉತ್ತರ

ಪೈಪಣ್ಣ ಊಟದ ಮೇಜಿನ ಮೇಲೆ ತುಂಬಿದ್ದ ಹೂಗುಚ್ಛಗಳನ್ನು ಎರಡೂ ಕೈಯಲ್ಲಿ ಬಾಚಿ ಕಿಟಕಿಯ ಕಟ್ಟೆಗೆ ಸಾಗಿಸಿ, ತೆರವಾದ ಜಾಗದಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ದೊಪ್ಪೆಂದು ಇಟ್ಟ. ದಾರ ಬಿಚ್ಚಿದ. ಪಕ್ಕದಲ್ಲಿ ಮೂರು ಕೆಂಪು ಪೆನ್ನು ಸಾಲಾಗಿ ಜೋಡಿಸಿ, "ಬನ್ನಿ, ಕೂತ್ಕೊಳ್ಳಿ," ಎಂದ.

ಸಾವಿನ ಮನೆಗೆ ಬಂದವರು ಕೂರಬೇಕೋ ನಿಲ್ಲಬೇಕೋ ತಿಳಿಯದೆ ಗೋಡೆಗೆ ಅಂಟಿಕೊಂಡಿರುತ್ತಾರೆ. ಕಾಲೇಜಿನಿಂದ ಬಂದಿದ್ದ ಪ್ರಿನ್ಸಿಪಾಲರೂ ಹಾಗೇ ಅಂಟಿಕೊಂಡಿದ್ದರು. ಅಲ್ಲಿಂದಲೇ ಮೆಲ್ಲಗೆ, "ಇವತ್ತೇ ಯಾಕೆ? ಫಲಿತಾಂಶ ಒಂದು ವಾರ ಮುಂದಕ್ಕೆ ಹಾಕಿದ್ರಾಯ್ತು. ಯಾರೂ ಏನೂ ಅನ್ನಲ್ಲ," ಎಂದರು.

"ನೀವ್ಯಾರೂ ಅನ್ನಲ್ಲ ಸಾರ್. ಒಳಗೆ ಮಲಗಿರೋ ನನ್ನ ಹೆಂಡ್ತಿ ಅಂತಾಳೆ. ಶುಕ್ರವಾರ ಸಂಜೆ ಐದಕ್ಕೆ ಅಂಕ ಕೊಡ್ತೀನಿ ಅಂತ ಬೋರ್ಡ್ ಮೇಲೆ ಬರೆದು ಬಂದಿದ್ಳು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ತಡ ಮಾಡಿದೋಳಲ್ಲ. ಇವತ್ತು ಶುಕ್ರವಾರ. ಹೋಗೋ ದಿನ ಆ ಹೆಸರು ಕೆಡೋದು ಬೇಡ."

ಈ ಮಾತಿಗೆ ಎದುರಾಡುವ ಧೈರ್ಯ ಯಾರಿಗಿದೆ? ಪ್ರಿನ್ಸಿಪಾಲರು ಕುರ್ಚಿ ಎಳೆದುಕೊಂಡರು. ಅವರ ಜೊತೆ ಬಂದಿದ್ದ ಇಬ್ಬರೂ ಕೂತರು. ಒಬ್ಬರು ಕನ್ನಡಕದ ಲೆಕ್ಕದ ಮೇಷ್ಟರು. ಇನ್ನೊಬ್ಬರು ಬೆಳಗಿನ ವಿಭಾಗದಲ್ಲಿ ರೋಗಿಗಳ ಆರೈಕೆ ಕಲಿಸುವ ನರ್ಸ್ ಟೀಚರ್. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದ, ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಅವರಿಗೆ ಸಂಜೆಯ ವಿದ್ಯಾರ್ಥಿಗಳ ಮುಖವೂ ಗೊತ್ತಿಲ್ಲ, ಅಕ್ಷರವೂ ಗೊತ್ತಿಲ್ಲ. ಪೈಪಣ್ಣನಿಗೆ ಬೇಕಾಗಿದ್ದುದೂ ಅಂಥವರೇ.

"ಮೇಡಂ ತಿದ್ದೋ ರೀತಿ ಗೊತ್ತಲ್ಲ?" ಎಂದ. "ಒಂದೊಂದು ಪತ್ರಿಕೆ ಪೂರ್ತಿ ನೋಡ್ತಿರ್ಲಿಲ್ಲ. ಮೊದಲನೇ ಪ್ರಶ್ನೆ ನಲವತ್ತೊಂದು ಜನರದ್ದೂ ಮುಗಿಸಿ, ಆಮೇಲೆ ಎರಡನೇದು. ಒಬ್ಬರ ಮೇಲಿನ ಪ್ರೀತಿ ಇನ್ನೊಂದು ಪುಟಕ್ಕೆ ಹರಿಯಬಾರದು ಅಂತಿದ್ಳು. ಆರು ಮುಗಿಸಿದ್ದಾಳೆ. ಏಳು, ಎಂಟು ಉಳಿದಿದೆ."

ಏಳನೆಯದನ್ನು ನರ್ಸ್ ಟೀಚರ್ ತೆಗೆದುಕೊಂಡರು. ಪೈಪಣ್ಣ ಅಡುಗೆಮನೆಗೆ ಸರಿದು ಟೀಗೆ ನೀರಿಟ್ಟ. ಮೇಜಿನ ಹತ್ತಿರ ಅವನು ನಿಲ್ಲುವಂತಿರಲಿಲ್ಲ. ಆ ಕಟ್ಟಿನಲ್ಲಿ, ಹೆಸರಿನ ಮೇಲೆ ಕಾಗದ ಅಂಟಿಸಿಕೊಂಡ ಇಪ್ಪತ್ತಮೂರನೇ ನಂಬರಿನ ಪತ್ರಿಕೆ ಅವನದೇ ಆಗಿತ್ತು.

* * *

ಅದು ಸಮುದಾಯ ಕಾಲೇಜು. ಓದು ಅರ್ಧಕ್ಕೆ ಬಿಟ್ಟವರು, ಬಿಡಿಸಿಕೊಂಡವರು, ಮಕ್ಕಳನ್ನು ಓದಿಸಿ ಮುಗಿಸಿ ಈಗ ತಮ್ಮ ಸರದಿ ಎಂದು ಬಂದವರು ಸಂಜೆ ಅಲ್ಲಿ ಸೇರುತ್ತಿದ್ದರು. ಏನೇ ಕಲಿಯಲು ಬಂದರೂ ಭೂಗೋಳ, ಆರೋಗ್ಯ, ಇತಿಹಾಸ ಮೂರೂ ಪಾಸಾಗಲೇಬೇಕು. ಪೈಪಣ್ಣನ ಹೆಂಡತಿ ಸೇರಿದ್ದು ಭೂಗೋಳಕ್ಕೆ. ಇತಿಹಾಸದವರು ವರ್ಗವಾಗಿ ಹೋದರು. ಆರೋಗ್ಯದವರು ಹೆರಿಗೆ ರಜೆಗೆ ಹೋದವರು ತಿರುಗಿ ಬರಲಿಲ್ಲ. "ತಾತ್ಕಾಲಿಕವಾಗಿ ನೀವೇ ನೋಡ್ಕೊಳ್ಳಿ," ಎಂದರು ಆಗಿನ ಪ್ರಿನ್ಸಿಪಾಲರು. ತಾತ್ಕಾಲಿಕ ಎನ್ನುವುದಕ್ಕಿಂತ ಗಟ್ಟಿಮುಟ್ಟಾದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ. ಹತ್ತೊಂಬತ್ತು ವರ್ಷ ನಡೆಯಿತು.

ಅವಳು ಮೂರನ್ನೂ ಬೇರೆ ಬೇರೆ ಎಂದುಕೊಳ್ಳಲೇ ಇಲ್ಲ. ಅವಳ ಪಾಠದಲ್ಲಿ ನದಿ ಭೂಗೋಳದಲ್ಲಿ ಹುಟ್ಟಿ, ಇತಿಹಾಸದಲ್ಲಿ ಊರು ಕಟ್ಟಿಸಿ, ಆರೋಗ್ಯದ ಹೊತ್ತಿಗೆ ವಾಂತಿಭೇದಿ ಹಬ್ಬಿಸುತ್ತಿತ್ತು. ಹಗಲೆಲ್ಲ ಕಂಡವರ ಮನೆಯ ನಲ್ಲಿ, ಸಿಂಕು ರಿಪೇರಿ ಎಂದು ಪೈಪಣ್ಣ ಬೀದಿ ಸುತ್ತುವವನು. ಅವನು ಮನೆಗೆ ಬರುವ ಹೊತ್ತಿಗೆ ಅವಳು ಹೊರಟಿರುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬನೇ ಗೋಡೆ ನೋಡಿ ಸಾಕಾಗಿ, ಐವತ್ತಾರನೇ ವಯಸ್ಸಿಗೆ ಅವನೂ ಅರ್ಜಿ ತುಂಬಿದ. ಸಂಜೆ ಹೊತ್ತು ಹೆಂಡತಿಯ ಮುಖ ನೋಡಬೇಕೆಂದರೆ ಪ್ರವೇಶ ಪರೀಕ್ಷೆ ಬರೆಯಬೇಕಾಗಿ ಬಂದ ಗಂಡ ತಾನೊಬ್ಬನೇ ಇರಬೇಕು ಎಂದು ಹೇಳಿಕೊಂಡು ನಗುತ್ತಿದ್ದ.

ಭೂಗೋಳ ಒಂದೇ ಏಟಿಗೆ ಪಾಸಾಯಿತು. ನಿಮ್ಮ ಬಡಾವಣೆಯ ನಕ್ಷೆ ಬರೆಯಿರಿ ಎಂದರೆ ಎಲ್ಲರೂ ರಸ್ತೆ ಬರೆದರು, ಇವನು ನೆಲದಡಿಯ ಕೊಳವೆಗಳನ್ನು ವಾಲ್ವ್ ಸಮೇತ ಬರೆದ. ಇತಿಹಾಸವನ್ನೂ ಎರಡನೇ ಸಲಕ್ಕೆ ದಾಟಿದ. ಆರೋಗ್ಯ ಮಾತ್ರ ಕಬ್ಬಿಣದ ಕಡಲೆಯಾಯಿತು. ಮೊದಲ ಸಲ, "ಹೃದಯ ಒಂದು ಪಂಪು, ಸೋರಿದರೆ ವಾಷರ್ ಬದಲಿಸಬೇಕು," ಎಂದು ಬರೆದ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ, "ಯಾವ ಅಂಗಡಿಯಲ್ಲಿ ಸಿಗುತ್ತದೆ?" ಎಂದು ಬರೆದು ಸೊನ್ನೆ ಸುತ್ತಿದಳು. ಎರಡನೇ ಸಲ ಎರಡೇ ಅಂಕದಲ್ಲಿ ಫೇಲು.

"ಎರಡು ಅಂಕ! ಹಾಕಿದ್ರೆ ನಿಮ್ಮಪ್ಪನ ಗಂಟೇನಾದ್ರೂ ಹೋಗ್ತಿತ್ತಾ?" ಎಂದು ಎರಡು ದಿನ ಮುಖ ಊದಿಸಿಕೊಂಡ.

"ಹಾಕಬಹುದಿತ್ತು," ಎಂದಳು ಅವಳು, ಬಟ್ಟೆ ಮಡಿಸುತ್ತ. "ಆದ್ರೆ ಆಮೇಲೆ ನಾನು ನಿಮಗೆ ಸರಿ ಅಂದಿದ್ದನ್ನ ನೀವೇ ನಂಬ್ತಿರ್ಲಿಲ್ಲ."

* * *

ಟೀ ಕುದಿಯುತ್ತಿದ್ದಾಗ ಅತ್ತಿಗೆ ಅಡುಗೆಮನೆಗೆ ಬಂದಳು. ಹೆಂಡತಿಯ ಅಕ್ಕ. ಬೆಳಿಗ್ಗೆ ಆಸ್ಪತ್ರೆಯಿಂದ ತಂಗಿಯನ್ನು ತಂದ ಮೇಲೆ ಮೈ ಒರೆಸಿ, ಸೀರೆ ಉಡಿಸಿ, ತಲೆ ಬಾಚಿದವಳು ಅವಳೇ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಒಳಗೆ ನನ್ನ ತಂಗಿ ಮಲಗಿದ್ದಾಳೆ. ಹೊರಗೆ ನಿಮ್ಮದು ಪರೀಕ್ಷೆ ಸಂತೆ. ಏನ್ರೀ ಇದು?"

"ಅವಳ ಕೆಲಸ ಅತ್ತಿಗೆ. ಮುಗಿಸಿ ಕಳಿಸೋಣ."

"ಕೆಲಸ ಹಾಳಾಗ್ಲಿ. ಬೆಳಿಗ್ಗೆಯಿಂದ ನೋಡ್ತಿದೀನಿ, ನೀವು ಒಂದ್ಸಲಾನೂ ಅವಳ ಹತ್ರ ಹೋಗಿಲ್ಲ. ಬಾಗಿಲಲ್ಲಿ ನಿಂತು ಅತಿಥಿ ಥರ ಇಣುಕಿ ಬರ್ತೀರ." ಬಾಗಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿದಳು. "ಸೀರೆ ಉಡಿಸುವಾಗ ನೋಡಿದೆ. ಎದೆ ಮೇಲೆ ಕೈಯಗಲ ನೀಲಿಗಟ್ಟಿದೆ. ಏನದು? ಏನು ಮಾಡಿದ್ರಿ ಅವಳಿಗೆ?"

ಪೈಪಣ್ಣ ಒಲೆ ಆರಿಸಿದ.

"ನನಗೆ ತಿಳಿದಿದ್ದು ಮಾಡಿದೆ," ಎಂದ.

"ತಿಳಿದಿದ್ದು ಅಂದ್ರೆ?"

ಅವನು ಟೀಯನ್ನು ಲೋಟಗಳಿಗೆ ಸೋಸತೊಡಗಿದ. ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಲ್ಲೇ ಬಾಗಿಲಿಗೆ ಒರಗಿ ನಿಂತಳು, ಉತ್ತರ ಸಿಗದೆ ಕದಲುವುದಿಲ್ಲ ಎಂಬಂತೆ. ಮೂರು ಗಂಟೆಗೆ ಹೆಂಡತಿಯನ್ನು ಒಯ್ಯುವ ಗಾಡಿ ಬರುವುದಿತ್ತು. ಅಷ್ಟರೊಳಗೆ ತಾನು ಆ ಕೋಣೆಗೆ ಕಾಲಿಡಬಹುದೇ ಇಲ್ಲವೇ ಎನ್ನುವುದು ಪೈಪಣ್ಣನಿಗೂ ಗೊತ್ತಿರಲಿಲ್ಲ.

* * *

ಪೈಪಣ್ಣ ಮೂರನೇ ಸಲ ಕೂತ ಆರೋಗ್ಯದ ಪರೀಕ್ಷೆ ನಡೆದದ್ದು ಸೋಮವಾರ. ಏಳನೇ ಪ್ರಶ್ನೆಗೆ ಹತ್ತು ಅಂಕ: ಪಕ್ಕದಲ್ಲಿದ್ದವರು ಇದ್ದಕ್ಕಿದ್ದಂತೆ ಕುಸಿದುಬಿದ್ದು ಉಸಿರಾಡದಿದ್ದರೆ, ಆಂಬುಲೆನ್ಸ್ ಬರುವವರೆಗೆ ನೀವು ಏನು ಮಾಡುತ್ತೀರಿ? ಪೈಪಣ್ಣ ಒಂದೂವರೆ ಪುಟ ಬರೆದ. ಕೊನೆಗೆ, "ಪಕ್ಕೆಲುಬು ಮುರಿದ ಸದ್ದು ಕೇಳಿದರೂ ಒತ್ತುವುದನ್ನು ನಿಲ್ಲಿಸಬಾರದು," ಎಂದು ಸೇರಿಸಿ ಅಡಿಗೆರೆ ಎಳೆದ.

ಗುರುವಾರ ಸಂಜೆ ಅವಳು ಇದೇ ಮೇಜಿನಲ್ಲಿ ಆರನೇ ಪ್ರಶ್ನೆಯ ಕೊನೇ ಪತ್ರಿಕೆ ಮುಗಿಸಿದಳು. "ಇನ್ನು ಊಟ ಆದ್ಮೇಲೆ," ಎಂದು ಪೆನ್ನಿಗೆ ಮುಚ್ಚಳ ಹಾಕಿ ಎದ್ದಳು. ಎದ್ದವಳು ನಿಲ್ಲಲಿಲ್ಲ.

ಅವನು ಬರೆದದ್ದನ್ನೆಲ್ಲ ಬರೆದ ಕ್ರಮದಲ್ಲೇ ಮಾಡಿದ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿದ. ಭುಜ ಅಲುಗಿಸಿ ಕೂಗಿದ. ಆಂಬುಲೆನ್ಸಿಗೆ ಫೋನು ಮಾಡಿ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡ. ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ, ಎಣಿಸುತ್ತ ಒತ್ತಿದ. ಹದಿನೇಳಕ್ಕೆ ಬಂದಾಗ ಕೈಯ ಕೆಳಗೆ ಟಕ್ ಎಂದಿತು. ಹಳೇ ಕೊಳವೆಯ ಜಾಯಿಂಟು ಸ್ಪ್ಯಾನರಿಗೆ ಸಿಕ್ಕಿ ಸಡಿಲವಾಗುವಾಗ ಬರುವ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಹದಿನೆಂಟು ಎಂದ. ಹತ್ತೊಂಬತ್ತು ಎಂದ. ಆಂಬುಲೆನ್ಸ್ ಬರಲು ಒಂಬತ್ತು ನಿಮಿಷ ಹಿಡಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಅಲ್ಲಾಡಿಸಿದರು.

ಆ ಸದ್ದಿನ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಬರೆದ ಆ ಕೊನೆಯ ಸಾಲು ಅವಳು ಪಾಠದಲ್ಲಿ ಹೇಳಿದ್ದೋ, ವಾಷರಿನ ಹಾಗೆ ತನ್ನ ತಲೆಯಿಂದಲೇ ಹುಟ್ಟಿದ್ದೋ? ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಪುಸ್ತಕ ತೆಗೆದು ನೋಡಿದ. ನಾಲ್ಕೇ ಸಾಲಿತ್ತು, ಪಕ್ಕೆಲುಬಿನ ಸುದ್ದಿಯೇ ಇರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಹೆಂಡತಿ ಸತ್ತವನಿಗೆ ಯಾರು ತಾನೇ ನಿಜ ಹೇಳುತ್ತಾರೆ? ಆಂಬುಲೆನ್ಸಿನವನೂ ಭುಜ ತಟ್ಟಿ, "ಸರಿಯಾಗೇ ಮಾಡಿದ್ರಿ ಸಾರ್," ಎಂದಿದ್ದ. ಅವನು ಎಲ್ಲರ ಭುಜವನ್ನೂ ತಟ್ಟುವವನು. ಪೈಪಣ್ಣನಿಗೆ ಸಮಾಧಾನ ಬೇಕಿರಲಿಲ್ಲ. ತಾನು ಅವಳನ್ನು ಕಾಪಾಡಲು ನೋಡಿದೆನೋ, ಮುರಿದು ಹಾಕಿದೆನೋ ಎನ್ನುವುದು ತಿಳಿಯಬೇಕಿತ್ತು. ಅದನ್ನು ಹೇಳುವವರಿಗೆ ತಾನು ಯಾರೆಂದು ಗೊತ್ತಿರಬಾರದಿತ್ತು.

* * *

ಟೀ ಹಂಚಿ ಬಂದು ಅವನು ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅತ್ತಿಗೆ ಇನ್ನೂ ಅಲ್ಲೇ ಇದ್ದಳು. ನರ್ಸ್ ಟೀಚರ್ ಹದಿನಾರನೇ ಪತ್ರಿಕೆಯಲ್ಲಿದ್ದರು. ಕೆಲಸ ಹತ್ತಿದ ಮೇಲೆ ಅವರಿಗೆ ಎಲ್ಲಿ ಕೂತಿದ್ದೇನೆ ಎನ್ನುವುದೇ ಮರೆತುಹೋಗಿತ್ತು.

"ಇಲ್ಲಿ ಕೇಳಿ ಸಾರ್. ಬಿದ್ದವರ ಬಾಯಿಗೆ ಬಿಸಿ ಟೀ ಹಾಕಬೇಕಂತೆ! ಉಸಿರೇ ಆಡದೋರು ಟೀ ಕುಡೀತಾರಾ?" ಕೆಂಪು ಗೆರೆ ಎಳೆದರು. "ಇವರು ಪರವಾಗಿಲ್ಲ, ಆರು. ಇನ್ನೊಬ್ಬರು ಸಾರ್, ಮೊದಲು ಮನೆಗೆ ಬೀಗ ಹಾಕ್ಬೇಕು ಅಂದಿದ್ದಾರೆ."

ಪ್ರಿನ್ಸಿಪಾಲರಿಗೆ ತಡೆಯಲಾಗದೆ ನಗು ಬಂತು. ತಕ್ಷಣ ಕೋಣೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

"ನಗಿ ಸಾರ್, ಪರವಾಗಿಲ್ಲ," ಎಂದ ಪೈಪಣ್ಣ. "ಅವಳೂ ತಿದ್ದುವಾಗ ನಗ್ತಿದ್ಳು."

ಇಪ್ಪತ್ತೊಂದು ಮುಗಿಯಿತು. ಇಪ್ಪತ್ತೆರಡಕ್ಕೆ ನಾಲ್ಕು ಬಿತ್ತು. ನರ್ಸ್ ಟೀಚರ್ ಮುಂದಿನ ಪತ್ರಿಕೆಯ ಪುಟ ತಿರುಗಿಸಿದರು. ಪೆನ್ನು ಸಾಲುಗಳ ಮೇಲೆ ನಿಧಾನವಾಗಿ ಇಳಿಯಿತು. ಪೈಪಣ್ಣನಿಗೆ ತನ್ನ ಗುಂಡಗಿನ ಅಕ್ಷರ ಅಷ್ಟು ದೂರದಿಂದಲೂ ಕಂಡಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಇವನ್ಯಾರೋ ಗಟ್ಟಿ ಆಸಾಮಿ," ಎಂದರು ಅವರು. "ಕೇಳಿ. 'ಪಕ್ಕೆಲುಬು ಮುರಿದ ಸದ್ದು ಕೇಳಿದರೂ ಒತ್ತುವುದನ್ನು ನಿಲ್ಲಿಸಬಾರದು.' ಅಡಿಗೆರೆ ಬೇರೆ ಹಾಕಿದ್ದಾನೆ."

ಪ್ರಿನ್ಸಿಪಾಲರು ಹುಬ್ಬೇರಿಸಿದರು. "ಅದು ಸರೀನಾ? ಪಕ್ಕೆಲುಬು ಮುರಿದ್ರೂ ಬಿಡಬಾರದಾ? ತಪ್ಪಲ್ವಾ ಅದು?"

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ತಲೆ ಎತ್ತಿದಳು.

"ಸರೀನೇ ಸಾರ್," ಎಂದರು ನರ್ಸ್ ಟೀಚರ್. "ಸರಿಯಾದ ಆಳಕ್ಕೆ ಒತ್ತಿದ್ರೆ ಎಷ್ಟೋ ಸಲ ಮುರಿಯುತ್ತೆ. ನಮ್ಮ ಆಸ್ಪತ್ರೇಲೂ ಮುರೀತಿತ್ತು. ಎದೆ ಮೇಲೆ ನೀಲಿಗಟ್ಟುತ್ತೆ. ಹೆದರಿಕೊಂಡು ಮೆಲ್ಲಗೆ ಸವರಿದ್ರೆ ಪಕ್ಕೆಲುಬು ಉಳಿಯುತ್ತೆ, ಮನುಷ್ಯ ಹೋಗ್ತಾನೆ. ಇಷ್ಟು ಹೊತ್ತು ಇದನ್ನ ಒಬ್ಬರೂ ಬರೆದಿರ್ಲಿಲ್ಲ. ಮೇಡಂ ಹೇಳಿಕೊಟ್ಟಿದ್ದಾರೆ, ಇವನೊಬ್ಬ ಕೇಳಿಸ್ಕೊಂಡಿದ್ದಾನೆ."

"ಅಷ್ಟು ಮಾಡಿದ್ರೂ ಉಳೀದೇ ಇದ್ರೆ?" ಪೈಪಣ್ಣನ ಗಂಟಲಿನಿಂದ ಮಾತು ತಾನಾಗಿಯೇ ಹೊರಬಂದಿತ್ತು.

ನರ್ಸ್ ಟೀಚರ್ ಪತ್ರಿಕೆಯಿಂದ ಕಣ್ಣು ತೆಗೆಯಲಿಲ್ಲ. "ತುಂಬಾ ಜನ ಉಳಿಯಲ್ಲ. ಅದಕ್ಕೆ ಅಂಕ ಕಳೆಯೋಕಾಗಲ್ಲ." ಪುಟ ಮುಗಿಸಿ, ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಓದಿದರು. "ಆದ್ರೂ ಒಂದು ಕಳೀತೀನಿ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಾಯಿಸ್ಬೇಕು. ಅದನ್ನ ಬರೆದಿಲ್ಲ. ಕೊನೇವರೆಗೂ ಒಬ್ಬನೇ ಒತ್ತೋ ಹಾಗೆ ಬರೆದಿದ್ದಾನೆ, ಪಾಪ."

ಒಂಬತ್ತು ಎಂದು ಬರೆದು ಸುತ್ತು ಹಾಕಿದರು.

ಪೈಪಣ್ಣನಿಗೆ ಎದೆಯೊಳಗಿಂದ ಒಂದು ಅಳು, ಅದರ ಹಿಂದೆಯೇ ಒಂದು ನಗು, ಒಂದನ್ನೊಂದು ತಳ್ಳಿಕೊಂಡು ಬಂದವು. ಎರಡನ್ನೂ ನುಂಗಿದ. ತಿರುಗಿ ನೋಡಿದರೆ ಅತ್ತಿಗೆ ಅವನ ಮುಖವನ್ನಲ್ಲ, ಕೈಗಳನ್ನು ನೋಡುತ್ತಿದ್ದಳು. ಸ್ಪ್ಯಾನರ್ ಹಿಡಿದು ದಪ್ಪ ಚರ್ಮಗಟ್ಟಿದ ದೊಡ್ಡ ಕೈಗಳು.

"ಆಂಬುಲೆನ್ಸ್ ಬರೋಕೆ ಒಂಬತ್ತು ನಿಮಿಷ ಆಯ್ತು ಅಂದಿದ್ರಲ್ಲ," ಎಂದಳು ಅವಳು, ಬಿದ್ದುಹೋದ ದನಿಯಲ್ಲಿ. "ಅಷ್ಟು ಹೊತ್ತೂ ಒಬ್ಬರೇ ಒತ್ತಿದ್ರಾ?"

"ಮನೇಲಿ ಇನ್ಯಾರಿದ್ರು ಅತ್ತಿಗೆ?"

ಅವಳು ಅವನಿಗಿಂತ ಮುಂದೆ ನಡೆದು ಕೋಣೆಯ ಬಾಗಿಲು ಪೂರ್ತಿ ತೆರೆದಳು. ಅಲ್ಲಿ ಕೂತಿದ್ದ ಅಕ್ಕಪಕ್ಕದ ಹೆಂಗಸರಿಗೆ, "ಸ್ವಲ್ಪ ಹೊರಗೆ ಬನ್ರಮ್ಮ, ಅವರು ಬಂದಿದ್ದಾರೆ," ಎಂದು ಕರೆದುಕೊಂಡು ಹೋದಳು.

ಪೈಪಣ್ಣ ಒಳಗೆ ಹೋಗಿ ಮಂಚದ ಪಕ್ಕದಲ್ಲಿ ಮೊಣಕಾಲೂರಿದ. ಹೊದಿಕೆಯ ಮೇಲೆ ಒಂದು ಸುಕ್ಕು ಎದ್ದಿತ್ತು. ಅದನ್ನು ಸವರಿ ಸರಿಮಾಡಿದ. ಆಮೇಲೆ ಅವಳ ಎದೆಯ ಮೇಲೆ ಎರಡೂ ಅಂಗೈ ಇಟ್ಟ. ಈ ಸಲ ಒಂದರ ಮೇಲೊಂದು ಅಲ್ಲ, ಪಕ್ಕ ಪಕ್ಕ, ಚೂರೂ ಭಾರ ಬಿಡದೆ.